ರಾತ್ರಿ ಎಂಟರ ನಂತರ ಅಪ್ಪ ಸಂದರ್ಶಕನೇ?
(ಮಕ್ಕಳ ವಾರ್ಡಿಗೆ ನಿಯಮ ಬರೆಯುವವರಿಗೊಂದು ಬಹಿರಂಗ ಪತ್ರ)

ಮಾನ್ಯರೇ,

ಮಸ್ಕತ್ತಿನ ಮತ್ರಾದಲ್ಲಿ, ಸೂಕ್ ಎಂಬ ಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿ ಸಂಸಾರ ಹೂಡಿರುವ ಕುಂದಾಪುರ ಕಡೆಯವನು ನಾನು. ಬಟ್ಟೆಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ನಾಲ್ಕು ವರ್ಷದ ಮಗ ಹೊಟ್ಟೆಯ ಆಪರೇಷನ್ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಈಗ ಗುಣವಾಗಿ ಮನೆಯಲ್ಲಿ ಓಡಾಡಿಕೊಂಡಿದ್ದಾನೆ. ಅವನನ್ನು ಉಳಿಸಿದ ಕೈಗಳಿಗೆ ನಾನು ಜೀವನಪೂರ್ತಿ ಋಣಿ. ಈ ಪತ್ರ ಆ ಕೈಗಳ ಮೇಲಿನ ದೂರಲ್ಲ, ಹಾಗಾಗಿ ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಮಕ್ಕಳ ವಾರ್ಡಿನಲ್ಲಿ ಯಾರು ಇರಬೇಕು, ಯಾರು ಇರಬಾರದು, ಎಷ್ಟು ಹೊತ್ತು ಇರಬೇಕು ಎಂದು ಕಾಗದದ ಮೇಲೆ ನಿರ್ಧರಿಸುವ ನಿಮ್ಮೊಡನೆ ನಾಲ್ಕು ಮಾತು ಆಡಬೇಕಿದೆ. ಇಲ್ಲಿಯವರಿಗೆ ಎಷ್ಟೋ, ನನ್ನ ಊರಿನ ಆಸ್ಪತ್ರೆಗಳಲ್ಲಿ ಕೂತಿರುವವರಿಗೂ ಅಷ್ಟೇ.

ಮೊದಲ ದಿನ ಮಗ ಹೊಟ್ಟೆನೋವು ಎಂದಾಗ ನಾವು ಓಮದ ನೀರು ಕುಡಿಸಿದೆವು. ಎರಡನೆಯ ದಿನ ಜ್ವರ ಬಂತು, ಶೀತದ್ದೆಂದುಕೊಂಡೆವು. ಮೂರನೆಯ ದಿನ ಅವನು ನೆಟ್ಟಗೆ ನಿಲ್ಲಲಾರದೆ ಮುದುಕರಂತೆ ಬಗ್ಗಿ ನಡೆದಾಗ ಹೆಂಡತಿ ಚೀರಿದಳು. ಟ್ಯಾಕ್ಸಿ ಹಿಡಿದು ಓಡಿದೆವು. ಸ್ಕ್ಯಾನ್ ಮಾಡಿದ ಮೇಲೆ ಗೊತ್ತಾಯಿತು, ಅಪೆಂಡಿಕ್ಸ್ ಆಗಲೇ ಒಡೆದು ಹೊಟ್ಟೆಯೊಳಗೆ ಕೀವು ಹರಡಿತ್ತು. ರಾತ್ರಿ ಎರಡು ಗಂಟೆಗೆ ಥಿಯೇಟರಿಗೆ ಒಯ್ದರು.

ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಓಮದ ನೀರು ನಮ್ಮ ನಡುವೆ ನಿಂತಿತ್ತು. ಆಪರೇಷನ್ ಮುಗಿಸಿ ಬಂದ ಸರ್ಜನ್ ನಮ್ಮ ಮುಖ ಓದಿದವರಂತೆ ಮೊದಲು ಹೇಳಿದ ಮಾತಿದು: "ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಇದು ಒಡೆದ ಮೇಲೆಯೇ ಪತ್ತೆಯಾಗುವುದು. ಎಲ್ಲಿ ನೋವು, ಎಂಥ ನೋವು ಎಂದು ಹೇಳಲು ಅವರಿಗೆ ಬರುವುದಿಲ್ಲ. ನಿಮ್ಮ ತಪ್ಪಲ್ಲ." ಹೆಂಡತಿ ಆಗ ಅತ್ತಳು. ಮೂರು ದಿನದಲ್ಲಿ ಅವಳು ಮೊದಲ ಸಲ ಉಸಿರು ಬಿಟ್ಟದ್ದೇ ಆಗ ಎಂದು ನನಗೆ ಅನ್ನಿಸಿತು. ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಹೆತ್ತವರಿಗೂ ಚಿಕಿತ್ಸೆ ಬೇಕಾಗುತ್ತದೆ, ಅದು ಕೆಲವೊಮ್ಮೆ ಎರಡು ವಾಕ್ಯದಷ್ಟೇ ಇರುತ್ತದೆ.

ಇನ್ನೊಂದು ಎರಡು ವಾಕ್ಯ ನಮಗೆ ಸಿಗಲಿಲ್ಲ. ಅರಿವಳಿಕೆ ಇಳಿಯುತ್ತಿದ್ದ ಮಗನ ಹತ್ತಿರ ಅಮ್ಮನನ್ನು ಬಿಟ್ಟರು. ಅವನು ಕಣ್ಣು ತೆರೆದವನೇ ಕಿರುಚತೊಡಗಿದ. ಅಮ್ಮನ ಕೈಯನ್ನು ಒದ್ದು ದೂಡಿದ, ಮುಖ ತಿರುಗಿಸಿದ, "ಅಮ್ಮ ಬೇಕು" ಎಂದು ಅಮ್ಮನ ಎದುರಿಗೇ ಅತ್ತ. ಮಿದುಳಿಗೆ ಏನೋ ಆಗಿದೆ ಎಂದೇ ಅವಳು ನಂಬಿದಳು. ಈಗಿನ ಅರಿವಳಿಕೆಯ ಅನಿಲಗಳಿಂದ ಎಚ್ಚರಾಗುವ ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ, ಸುಮಾರು ಅರ್ಧ ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ, ಮಗುವಿಗೆ ಆಮೇಲೆ ಅದರ ನೆನಪೂ ಉಳಿಯುವುದಿಲ್ಲ ಎಂದು ನಮಗೆ ತಿಳಿದದ್ದು ಎರಡು ದಿನದ ನಂತರ. ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದಲ್ಲಿ ಅಪರೂಪದ ಅಪಾಯಗಳೆಲ್ಲ ಇದ್ದವು, ಹೆಚ್ಚು ಮಕ್ಕಳಿಗೆ ಆಗುವ ಈ ಸಂಗತಿಯೇ ಇರಲಿಲ್ಲ.

ಮರುದಿನ ರಾತ್ರಿ ಎಂಟು ಗಂಟೆಗೆ ಸೆಕ್ಯುರಿಟಿಯವರು ಬಂದು ನನ್ನ ಭುಜ ಮುಟ್ಟಿದರು. ಮಗನ ಎಡಗೈಗೆ ಹಲಗೆ ಕಟ್ಟಿ ಡ್ರಿಪ್ ಹಾಕಿದ್ದರು, ಬಲಗೈಯಿಂದ ಅವನು ನನ್ನ ತೋರುಬೆರಳು ಹಿಡಿದುಕೊಂಡಿದ್ದ. ಮೂಗಿನಲ್ಲಿ ಒಂದು ಟ್ಯೂಬ್, ಹೊಟ್ಟೆಯ ಬದಿಯಲ್ಲಿ ಕೀವು ಇಳಿಯಲು ಇನ್ನೊಂದು ಟ್ಯೂಬ್. "ರಾತ್ರಿ ತಾಯಿ ಮಾತ್ರ. ತಂದೆ ಸಂದರ್ಶಕರ ಸಮಯದಲ್ಲಿ ಬರಬಹುದು." ಆ ಮನುಷ್ಯನ ದನಿ ಮೃದುವಾಗಿಯೇ ಇತ್ತು, ನಿಯಮ ಅವನದಲ್ಲವಲ್ಲ. ನಾನು ಬೆರಳು ಬಿಡಿಸಿಕೊಂಡೆ. ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮನೆಗೆ ಹೋಗಲು ಕಾಲು ಬರಲಿಲ್ಲ. ಎಂಟು ವರ್ಷದ ಮಗಳು ಪಕ್ಕದ ಮನೆಯ ಮಲಯಾಳಿ ಚೇಚಿಯ ಹತ್ತಿರ ಊಟ ಮಾಡಿ ಮಲಗಿದ್ದಳು. ಕಡಲಂಚಿನ ಕಾರ್ನಿಶಿನ ಕಟ್ಟೆಯ ಮೇಲೆ ಕೂತೆ. ಬಂದರಿನಲ್ಲಿ ಪ್ರವಾಸಿ ಹಡಗೊಂದು ದೀಪ ಹೊತ್ತಿಸಿಕೊಂಡು ನಿಂತಿತ್ತು. ಹಿಂದೆ ಬೋಳುಬೆಟ್ಟದ ಮೇಲೆ ಪೋರ್ಚುಗೀಸರ ಕಾಲದ ಕೋಟೆ, ಸೂಕಿನ ಬಾಗಿಲಿನಿಂದ ಲೋಬಾನದ ಹೊಗೆ. ಸಂಜೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಡಗು ತೋರಿಸುತ್ತಿದ್ದ ಜಾಗ ಅದು. ಆ ಒಂಬತ್ತು ದಿನಗಳಲ್ಲಿ ಏಳು ರಾತ್ರಿ ಅಲ್ಲೇ ಕೂತು ಮೊಬೈಲ್ ನೋಡಿದೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದ ಒಮಾನಿ ಮಾಲೀಕರು "ಸಲಾಮತ್" ಎಂದು ಮಗನ ಕ್ಷೇಮ ಕೋರಿ, ಮಧ್ಯಾಹ್ನ ಹೋಗಿ ಬಾ ಎಂದು ಬಿಟ್ಟರು. ಎಲ್ಲರಿಗೂ ಅಂಥ ಮಾಲೀಕರು ಸಿಗುವುದಿಲ್ಲ.

ಒಳಗೆ ಹೆಂಡತಿಯ ಪಾಡು ಬೇರೆ. ನೆಟ್ಟನೆಯ ಬೆನ್ನಿನ ಪ್ಲಾಸ್ಟಿಕ್ ಕುರ್ಚಿ. ಮಗ ಟ್ಯೂಬ್ ಕಿತ್ತುಕೊಂಡಾನು ಎಂದು ಸ್ನಾನದ ಮನೆಗೆ ಹೋಗಲೂ ಹೆದರಿಕೆ. ಒಂದು ಹೊತ್ತು ಕಣ್ಣು ಮುಚ್ಚಿದರೆ ಬೆಳಗಿನ ನಾಲ್ಕೂವರೆಗೆ ಊರಿನ ಫೋನು. ಅಲ್ಲಿ ಆಗ ಆರು ಗಂಟೆ, ಅತ್ತೆ ಎದ್ದು ದೇವರಿಗೆ ದೀಪ ಹಚ್ಚಿ ಮೊಮ್ಮಗನನ್ನು ವಿಚಾರಿಸುವ ಹೊತ್ತು. ಅವರದೂ ತಪ್ಪಲ್ಲ, ಒಂದೂವರೆ ಗಂಟೆಯ ಅಂತರ ಸಂಕಟಕ್ಕೆ ಗೊತ್ತಾಗುವುದಿಲ್ಲ. ಆರನೆಯ ದಿನ ಹೆಂಡತಿಗೇ ಜ್ವರ ಬಂತು.

ಮಾನ್ಯರೇ, ತಂದೆತಾಯಿ ಅಡ್ಡಿ ಎಂಬ ಕಲ್ಪನೆ ಹಳೆಯದು, ಅದನ್ನು ಬಿಟ್ಟುಕೊಟ್ಟ ಚರಿತ್ರೆಯೂ ಹಳೆಯದೇ. 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಗು ಸೇರಿದ ಮೊದಲ ತಿಂಗಳು ಹೆತ್ತವರ ಭೇಟಿಯೇ ಇರಲಿಲ್ಲ, ಸಂಜೆ ಏಳರಿಂದ ಎಂಟರವರೆಗೆ ಮಲಗಿದ ಮಗುವನ್ನು ನೋಡಿ ಹೋಗಬಹುದಿತ್ತು, ಅಷ್ಟೇ. ಅಪ್ಪ ಅಮ್ಮ ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ, ಹಾಗಾಗಿ ಬರದಿರುವುದೇ ಒಳ್ಳೆಯದು ಎಂದು ದಾದಿಯರೂ ವೈದ್ಯರೂ ಪ್ರಾಮಾಣಿಕವಾಗಿ ನಂಬಿದ್ದರು. ಆ ಸುಮ್ಮನಿರುವಿಕೆ ಸಮಾಧಾನವಲ್ಲ, ಕೈಚೆಲ್ಲಿದ್ದು ಎಂದು ತೋರಿಸಿದವರು ಜೇಮ್ಸ್ ರಾಬರ್ಟ್‌ಸನ್. ಹೊಕ್ಕುಳ ಹರ್ನಿಯಾದ ಆಪರೇಷನ್ನಿಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ, ಇನ್ನೂ ಎರಡೂವರೆ ತುಂಬದ ಲಾರಾ ಎಂಬ ಹುಡುಗಿಯನ್ನು ಅವರು ದಿನದಿನವೂ ಚಿತ್ರೀಕರಿಸಿದರು. 1952ರಲ್ಲಿ ಆ ಚಿತ್ರ ತೆರೆ ಕಂಡಾಗ ನೋಡಿದ ವೈದ್ಯರಲ್ಲಿ ಅನೇಕರು ಸಿಟ್ಟಾದರು. ಆ ಪುಟ್ಟ ಹುಡುಗಿ ರಂಪ ಮಾಡುವುದಿಲ್ಲ, ಅಳು ಬಂದಾಗ ಅದನ್ನು ನುಂಗಿಕೊಳ್ಳುತ್ತಾಳೆ. ಅದೇ ನೋಡಲಾಗದ್ದು.

ಏಳು ವರ್ಷದ ಬಳಿಕ, 1959ರಲ್ಲಿ, ಬ್ರಿಟಿಷ್ ಸರಕಾರ ನೇಮಿಸಿದ್ದ ಪ್ಲಾಟ್ ಸಮಿತಿ ಹೆತ್ತವರ ಭೇಟಿಗೆ ಗಂಟೆಯ ಕಟ್ಟು ಇರಬಾರದು, ಚಿಕ್ಕ ಮಕ್ಕಳೊಂದಿಗೆ ತಾಯಿ ಉಳಿಯಲು ವ್ಯವಸ್ಥೆ ಬೇಕು ಎಂದಿತು. ಅದೂ ಹೊಸತಾಗಿರಲಿಲ್ಲ, ನ್ಯೂಕಾಸಲ್ಲಿನಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು 1920ರ ದಶಕದಲ್ಲೇ ತಾಯಂದಿರನ್ನು ಮಗುವಿನೊಂದಿಗೆ ಆಸ್ಪತ್ರೆಯಲ್ಲಿ ಇರಿಸಿಕೊಂಡು ಶುಶ್ರೂಷೆ ಮಾಡಿಸುತ್ತಿದ್ದರು. ಪ್ಲಾಟ್ ಸಮಿತಿಯ ವರದಿ ಬಂದರೂ ಆಸ್ಪತ್ರೆಗಳು ಬೇಗ ಬದಲಾಗಲಿಲ್ಲ. 1961ರಲ್ಲಿ ಲಂಡನ್ನಿನ ಬ್ಯಾಟರ್ಸಿಯ ಕೆಲವು ತಾಯಂದಿರು ಸಂಘ ಕಟ್ಟಿಕೊಂಡು ಒತ್ತಾಯಿಸಬೇಕಾಯಿತು. 1988ರಲ್ಲಿ ಯುರೋಪಿನ ಇಂಥ ಸಂಘಗಳು ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಸೇರಿ ಹತ್ತು ಅಂಶಗಳ ಸನದು ಬರೆದವು. ಅಪ್ಪ ಅಮ್ಮ ಯಾವ ಹೊತ್ತಿನಲ್ಲೂ ಜೊತೆಗಿರುವುದು ಮಗುವಿನ ಹಕ್ಕು ಎಂದು ಅದರಲ್ಲಿದೆ. ಹಕ್ಕು ಮಗುವಿನದು ಎಂಬುದನ್ನು ದಯವಿಟ್ಟು ಗಮನಿಸಿ. ನಾನು ನನ್ನ ಅನುಕೂಲ ಕೇಳುತ್ತಿಲ್ಲ.

ಅಷ್ಟು ದೂರ ಏಕೆ, ಮತ್ರಾದ ಕತೆಯನ್ನೇ ನೋಡಿ. ಶರೋನ್ ಥಾಮ್ಸ್ ಎಂಬ ಅಮೆರಿಕನ್ ಮಿಷನ್ ವೈದ್ಯರು ಇಲ್ಲಿ ಕೆಲಸ ಮಾಡುತ್ತಿದ್ದಾಗಲೇ 1913ರಲ್ಲಿ ಎತ್ತರದಿಂದ ಬಿದ್ದು ತೀರಿಕೊಂಡರು. ಚಿಕ್ಕಂದಿನಲ್ಲೇ ತಾಯಿಯನ್ನೂ ಕಳೆದುಕೊಂಡಿದ್ದ ಅವರ ಮಗ ವೆಲ್ಸ್ ಥಾಮ್ಸ್ ತಾನೂ ವೈದ್ಯನಾಗಿ 1939ರಲ್ಲಿ ಅಪ್ಪ ಸತ್ತ ಊರಿಗೇ ಬಂದರು, 1970ರವರೆಗೆ ಇಲ್ಲಿಯ ಮಿಷನ್ ಆಸ್ಪತ್ರೆಯನ್ನು ನಡೆಸಿದರು. ಜನ ಅದನ್ನು ಕರೆದದ್ದು ಅಲ್ ರಹ್ಮಾ ಎಂದು, ಅಂದರೆ ಕರುಣೆ. ಸೂಕಿನ ಹಳಬರ ಬಾಯಲ್ಲಿ ಆ ಹೆಸರು ಇನ್ನೂ ಇದೆ. ಒಳನಾಡಿನ ಹಳ್ಳಿಗಳಿಂದ ದಿನಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದ ರೋಗಿ ಒಬ್ಬನೇ ಬರುತ್ತಿರಲಿಲ್ಲ, ಮನೆಯವರೂ ಪಾತ್ರೆಪಗಡದೊಂದಿಗೆ ಬರುತ್ತಿದ್ದರು. ರೋಗಿಯ ಜೊತೆ ಮನೆಯನ್ನೂ ಒಳಗೆ ಬಿಟ್ಟುಕೊಳ್ಳುವುದು ಈ ನೆಲಕ್ಕೆ ಹೊಸತಲ್ಲ. ಇಂದು ಈ ದೇಶದಲ್ಲಿರುವ ಆಸ್ಪತ್ರೆ, ಯಂತ್ರ, ತಜ್ಞರು ಅಂದಿನವರ ಕಲ್ಪನೆಗೂ ಮೀರಿದ್ದು. ಆ ಹಳೆಯ ಅಭ್ಯಾಸವನ್ನೂ ಜೊತೆಗೆ ಉಳಿಸಿಕೊಳ್ಳಬಹುದು ಎನ್ನುತ್ತೇನೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆ ವಾರ್ಡಿನಲ್ಲಿ ಆರು ಹಾಸಿಗೆ, ಆರು ತಾಯಂದಿರು. ಪರದೆಯ ಆಚೆ ಹಾಲೂಡಿಸುವ ಹೆಣ್ಣುಮಗಳು, ತಲೆವಸ್ತ್ರ ತೆಗೆದು ಒರಗಬೇಕಾದ ಹೆಣ್ಣುಮಗಳು. ಅಲ್ಲಿ ಅಪರಿಚಿತ ಗಂಡಸು ರಾತ್ರಿ ಕೂರುವುದು ಅವರಿಗೆ ಹಿಂಸೆ. ಸೋಂಕಿನ ಭಯವೂ ನಿಜ. ನನ್ನ ಹೆಂಡತಿ ಆ ಕಡೆಯ ಹಾಸಿಗೆಯಲ್ಲಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆ. ಆದರೆ ಬಾಗಿಲು ಮುಚ್ಚುವುದೊಂದೇ ಪರಿಹಾರವೇ? ಎರಡು ಮೂರು ಕೋಣೆಗಳನ್ನು ಅಪ್ಪಂದಿರು ಉಳಿಯಬಹುದಾದ ಕೋಣೆಗಳೆಂದು ಗುರುತಿಸಬಹುದು. ಆಪರೇಷನ್ ಆದ ಮೊದಲ ಎರಡು ರಾತ್ರಿ ಮಗುವನ್ನು ಅಲ್ಲಿ ಇಡಬಹುದು. ವಾರ್ಡಿನ ಹೊರಗೇ ಅಪ್ಪಂದಿರಿಗೊಂದು ಕೋಣೆ ಕೊಟ್ಟರೂ ಸಾಕು, ರಾತ್ರಿ ಕರೆದರೆ ಎರಡು ನಿಮಿಷದಲ್ಲಿ ಬಂದು ನಿಲ್ಲಬಹುದು. ಕೈ ತೊಳೆಯುವುದನ್ನು ನಮಗೂ ಕಲಿಸಿ, ಕಲಿಯುತ್ತೇವೆ.

ನನ್ನ ಊರಿನ ಕಡೆ ನೋಡಿದರೆ ಇದೇ ತಪ್ಪು ತಿರುಗುಮುರುಗಾಗಿದೆ. ಅಲ್ಲಿ ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಗಂಜಿಯ ಕ್ಯಾರಿಯರ್ ಹಿಡಿದು ಒಳಗೆ. ಔಷಧಿ ತರಲು, ರಕ್ತದ ಬಾಟಲಿ ಒಯ್ಯಲು, ಸ್ಟ್ರೆಚರ್ ದೂಡಲು, ಡ್ರಿಪ್ ಮುಗಿಯಿತೆಂದು ಸಿಸ್ಟರಿಗೆ ಕೂಗಲು ಮನೆಯವರು ಬೇಕೇ ಬೇಕು. ರಾತ್ರಿಯಾದರೆ ಅದೇ ಮನೆಯವರು ಕಾರಿಡಾರಿನ ನೆಲದ ಮೇಲೆ ಚಾಪೆ ಹಾಸಿ, ಬೆಳಿಗ್ಗೆ ರೌಂಡ್ಸ್ ಬರುವ ಮೊದಲು ಗದರಿಸಿಕೊಂಡು ಏಳುತ್ತಾರೆ. ಇಲ್ಲಿ ನನ್ನನ್ನು ಸಂದರ್ಶಕ ಎಂದರು, ಅಲ್ಲಿ ಆಳು ಎನ್ನುತ್ತಾರೆ. ಎರಡು ಕಡೆಯೂ ಅಪ್ಪ ಅಮ್ಮ ಎನ್ನುವುದು ಮರೆತುಹೋಗಿದೆ. ಹೆತ್ತವರು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಬೇರೆ ಯಾರೂ ಮಾಡಲಾರರು.

ಆ ಕೆಲಸ ಏನೆಂದು ನನಗೆ ತಿಳಿದದ್ದು ಆಸ್ಪತ್ರೆಯ ಮೂರನೆಯ ದಿನ. ಮಗ ಅಳುತ್ತಿರಲಿಲ್ಲ, ಹಾಗಾಗಿ ನೋವು ಕಡಿಮೆಯಾಗಿದೆ ಎಂದು ಎಲ್ಲರೂ ಅಂದುಕೊಂಡರು. "ಇಲ್ಲ, ಅವನು ಮೊಣಕಾಲು ಮಡಚಿಕೊಂಡಿದ್ದಾನೆ, ಕಾರ್ಟೂನ್ ಹಾಕಿದರೂ ನೋಡುತ್ತಿಲ್ಲ" ಎಂದಳು ಹೆಂಡತಿ. ಒಮಾನಿ ದಾದಿಯೊಬ್ಬಳು ಆ ಮಾತನ್ನು ತಳ್ಳಿಹಾಕದೆ ಒಂದು ಹಾಳೆ ತಂದಳು. ಮುಖ ಹೇಗಿದೆ, ಕಾಲು ಹೇಗಿದೆ, ಹೊರಳಾಟ ಎಷ್ಟು, ಅಳು ಎಂಥದು, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಎಂಬ ಐದು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ನೋವು ಹೇಳಲು ಬಾರದ ಮಕ್ಕಳಿಗಾಗಿ 1997ರಲ್ಲಿ ಅಮೆರಿಕದ ಮಿಚಿಗನ್ನಿನ ದಾದಿಯರೂ ವೈದ್ಯರೂ ಪ್ರಕಟಿಸಿದ ಅಳತೆಗೋಲು ಅದು. ಅವಳು ನನ್ನ ಹೆಂಡತಿಯನ್ನು "ಮಾಮಾ", ಅಂದರೆ ಅಮ್ಮ, ಎಂದು ಕರೆದು, ಒಂದೊಂದು ಪ್ರಶ್ನೆಯನ್ನೂ ಅವಳಿಗೇ ಕೇಳಿ ಅಂಕ ಹಾಕಿದಳು. ಆರು ಬಂತು. ಆಮೇಲೆ ನೋವಿನ ಔಷಧಿ ಅಳು ಬಂದಾಗ ಅಲ್ಲ, ಗಡಿಯಾರ ನೋಡಿ ಬರತೊಡಗಿತು. ಸಂಜೆಗೆ ಮಗ ಕಾಲು ಚಾಚಿ ಮಲಗಿದ.

ಮಕ್ಕಳ ನೋವನ್ನು ನಂಬದಿರುವ ತಪ್ಪು ದೊಡ್ಡ ದೊಡ್ಡವರೂ ಮಾಡಿದ್ದೇ. 1980ರ ದಶಕದವರೆಗೂ ನವಜಾತ ಶಿಶುಗಳ ಎಷ್ಟೋ ಆಪರೇಷನ್ನುಗಳು ಸಾಕಷ್ಟು ನೋವುನಿವಾರಕವಿಲ್ಲದೆ ನಡೆದುಹೋದವು, ಕೂಸಿಗೆ ಅಷ್ಟು ನೋವು ತಿಳಿಯುವುದಿಲ್ಲ ಎಂಬ ನಂಬಿಕೆಯಿಂದ. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಸಿಂಗ್ ಆನಂದ್, 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದು ಸುಳ್ಳೆಂದು ತೋರಿಸಿದರು. ದಿನ ತುಂಬದೆ ಹುಟ್ಟಿದ ಕೂಸುಗಳಲ್ಲೂ ನೋವುನಿವಾರಕ ಕೊಟ್ಟು ಆಪರೇಷನ್ ಮಾಡಿದಾಗ ದೇಹದ ಮೇಲಿನ ಆಘಾತ ಕಡಿಮೆ, ಚೇತರಿಕೆ ಉತ್ತಮ. ತೊಟ್ಟಿಲು ತೂಗಿದ ಯಾವ ಅಜ್ಜಿಯನ್ನು ಕೇಳಿದ್ದರೂ ಕೂಸಿಗೆ ನೋವಾಗುತ್ತದೆ ಎಂದೇ ಹೇಳುತ್ತಿದ್ದಳು. ಹಾಸಿಗೆಯ ಪಕ್ಕ ಕೂತವರನ್ನು ಕೇಳಿ ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಹೆಂಡತಿಗೆ ಜ್ವರ ಬಂದ ರಾತ್ರಿ ಬೇರೆ ದಾರಿ ಇರಲಿಲ್ಲ. ಅವಳನ್ನು ಮನೆಗೆ ಕಳಿಸಿ, ಮೂಲೆಯ ಚಿಕ್ಕ ಕೋಣೆಗೆ ಮಗನನ್ನು ಸಾಗಿಸಿ, ನನ್ನನ್ನು ಉಳಿಯಲು ಬಿಟ್ಟರು. ಅವನಿಗೆ ಐದು ದಿನದಿಂದ ಬಾಯಿಗೆ ನೀರಿಲ್ಲ, ಕರುಳು ಎಚ್ಚರಾಗುವವರೆಗೆ ಕೊಡುವಂತಿಲ್ಲ. ಒದ್ದೆ ಹತ್ತಿಯಿಂದ ತುಟಿ ಒರೆಸಿದರೆ ಹತ್ತಿಯನ್ನೇ ಚೀಪಲು ನೋಡುತ್ತಿದ್ದ. "ಅಪ್ಪ, ಮುಚ್ಚಳದಲ್ಲಿ ನೀರು ಕೊಡು" ಎಂದ. ಬಾಟಲಿಯ ನೀಲಿ ಮುಚ್ಚಳ ತೋರಿಸಿ, "ಇದರಲ್ಲಿ ಇಷ್ಟೇ" ಎಂದು ಬೆರಳ ತುದಿಯಿಂದ ಅಳತೆ ಹೇಳಿದ. "ಡಾಕ್ಟರು ಹೇಳಿದ ಕೂಡಲೇ ಮೊದಲ ಮುಚ್ಚಳ ನಾನೇ ಕೊಡುತ್ತೇನೆ" ಎಂದೆ. ಅವನು ಮುಚ್ಚಳ ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದ. ಬೆಳಗಿನ ಜಾವ ಅವನಿಗೆ ಗಾಳಿ ಹೋಯಿತು. ಇಡೀ ವಾರ್ಡು ಕಾಯುತ್ತಿದ್ದದ್ದು ಅದಕ್ಕೇ, ಕರುಳು ಕೆಲಸ ಶುರುಮಾಡಿದ ಗುರುತು ಅದು. ರೌಂಡ್ಸಿಗೆ ಬಂದ ವೈದ್ಯರು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ ತಲೆಯಾಡಿಸಿದರು. ಮುಷ್ಟಿ ಬಿಡಿಸಿ ಆ ಮುಚ್ಚಳದಲ್ಲೇ ನೀರು ಕೊಟ್ಟೆ. ಅವನು ಅದನ್ನು ನುಂಗದೆ ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡ.

ಮನೆಗೆ ಬಂದ ಮೇಲೂ ಚೇತರಿಕೆ ಮುಗಿಯಲಿಲ್ಲ. ಚಡ್ಡಿ ಒದ್ದೆ ಮಾಡುವುದನ್ನು ಬಿಟ್ಟು ವರ್ಷವಾಗಿದ್ದವನು ಮತ್ತೆ ಹಾಸಿಗೆ ಒದ್ದೆ ಮಾಡಿದ. ರಾತ್ರಿ ಬೆಚ್ಚಿ ಎದ್ದ. ಅಂಗಡಿಯಲ್ಲಿ ನೀಲಿ ಕೈಗವಸು ಹಾಕಿದ ಮೀನಿನವನನ್ನು ಕಂಡು ನನ್ನ ಕಾಲು ತಬ್ಬಿ ನಡುಗಿದ. ಆಸ್ಪತ್ರೆಯಿಂದ ಬಂದ ಚಿಕ್ಕ ಮಕ್ಕಳಲ್ಲಿ ಇದು ಕೆಲವು ವಾರ ಇರುವುದುಂಟು, ಬೈಯದೆ ಹೊಡೆಯದೆ ಜೊತೆಗಿದ್ದರೆ ಹೆಚ್ಚಿನವರಲ್ಲಿ ಇಳಿಯುತ್ತದೆ. ನಮಗೆ ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿ ಔಷಧಿಯ ಹೆಸರು, ಹೊಲಿಗೆ ನೋಡಿಸುವ ದಿನಾಂಕ ಇತ್ತು. ಹಾಸಿಗೆ ಒದ್ದೆಯ ಮಾತು ಇರಲಿಲ್ಲ. ಇದೇ ಕಾರಣಕ್ಕೆ ಪೆಟ್ಟು ತಿಂದ ಮಕ್ಕಳು ಎಷ್ಟಿದ್ದಾರೋ ಎಂದು ನೆನೆದರೆ ಹೊಟ್ಟೆ ಸಂಕಟವಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ನಾಲ್ಕು. ಆಪರೇಷನ್ನಿಗೆ ಮೊದಲು, ಮಗು ಎಚ್ಚರಾಗುವಾಗ ಹೇಗಿರುತ್ತದೆ ಎಂದು ಹೆತ್ತವರಿಗೆ ಅವರ ಭಾಷೆಯಲ್ಲಿ ಹೇಳಿ. ನೋವಿನ ಅಂಕ ಹಾಕುವಾಗ ಪಕ್ಕದಲ್ಲಿರುವವರನ್ನು ಕೇಳಿ ಹಾಕಿ. ಒರಗಬಹುದಾದ ಒಂದು ಕುರ್ಚಿ, ಒಂದು ಹೊತ್ತಿನ ಬಿಸಿ ಊಟವನ್ನು ಜೊತೆಗಿರುವವರಿಗೂ ಕೊಡಿ, ಮಂಗಳೂರಾಗಲಿ ಮಸ್ಕತ್ತಾಗಲಿ. ಕೊನೆಯದಾಗಿ, ನಿಯಮದ ಹಾಳೆಯಲ್ಲಿ 'ಸಂದರ್ಶಕರು' ಎಂಬ ಪಟ್ಟಿಯಿಂದ ಅಪ್ಪ ಅಮ್ಮ ಇಬ್ಬರನ್ನೂ ತೆಗೆದುಹಾಕಿ. ಸರದಿ ಮಾಡಿ, ಸಮಯ ಹಂಚಿ, ಜಾಗ ಬೇರೆ ಮಾಡಿ, ಒಪ್ಪುತ್ತೇವೆ. ಒಬ್ಬರು ಮಲಗಲು ಇನ್ನೊಬ್ಬರು ಎದ್ದಿರಬೇಕು. ಒಂಬತ್ತು ದಿನ ಒಬ್ಬಳೇ ತಾಯಿ ಎಚ್ಚರವಾಗಿರಲು ಆಗುವುದಿಲ್ಲ.

ಇದನ್ನು ಓದುತ್ತಿರುವ ಬಂಧುಗಳಲ್ಲೂ ಒಂದು ಮಾತು. ನಿಮ್ಮವರ ಮಗು ಆಸ್ಪತ್ರೆಯಲ್ಲಿದ್ದರೆ ಫೋನಿನಲ್ಲಿ "ಹೇಗಿದ್ದಾನೆ" ಎಂದು ಹತ್ತು ಜನ ಕೇಳುವ ಬದಲು, ಹತ್ತಿರವಿರುವ ಒಬ್ಬರು ಒಂದು ಹೊತ್ತು ಊಟ ಕಳಿಸಿ, ಮನೆಯಲ್ಲಿರುವ ಇನ್ನೊಂದು ಮಗುವನ್ನು ನೋಡಿಕೊಳ್ಳಿ. ನಮಗೆ ಪಕ್ಕದ ಮನೆಯ ಚೇಚಿ ಅದನ್ನು ಒಂಬತ್ತು ದಿನ ಮಾಡಿದಳು.

ಆ ನೀಲಿ ಮುಚ್ಚಳ ಮಗನ ಆಟದ ಡಬ್ಬಿಯಲ್ಲಿದೆ. ನಿಮ್ಮ ಮುಂದಿನ ಸಭೆಯಲ್ಲಿ ಮಕ್ಕಳ ವಾರ್ಡಿನ ಸಮಯದ ಹಾಳೆ ಮೇಜಿನ ಮೇಲೆ ಬಂದಾಗ, ಸಹಿ ಹಾಕುವ ಮೊದಲು ಒಂದು ರಾತ್ರಿ ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬನ್ನಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಅಪ್ಪ
ಮತ್ರಾ, ಒಮಾನ್